320 ಕೆಜಿ ರಂದಾ ಮಷೀನಿಗೆ ಕಾಲೂ ಬೇಕು, ಗಾಲಿಯೂ ಬೇಕು

ನಾನು ಮರಗೆಲಸ ಮಾಡುವ ಜಾಗ ನನ್ನದಲ್ಲ, ಕಾಫಿಯದು. ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ, ಮಾವನ ತೋಟದ ಹಳೇ ಗೋದಾಮಿನ ಅರ್ಧದಲ್ಲಿ ನನ್ನ ಯಂತ್ರಗಳಿವೆ. ಈ ಕಥೆ ಅವುಗಳಲ್ಲಿ ಹಲಗೆ ನೇರ ಮಾಡುವ ರಂದಾ ಯಂತ್ರದ್ದು. ರೋಬಸ್ಟಾ ಕೊಯ್ಲು ಶುರುವಾಗಿ, ಕಣದಲ್ಲಿ ಒಣಗಿದ ಚೆರಿ ಚೀಲಕ್ಕೆ ಇಳಿಯಿತೆಂದರೆ 50 ಕೆಜಿ ಚೀಲಗಳು ಗೋಡೆಯಿಂದ ನನ್ನ ಕಡೆಗೆ ಅಟ್ಟಿ ಅಟ್ಟಿಯಾಗಿ ಬರುತ್ತವೆ. ಆಗ ನಾನು ಪಡುವಣ ಗೋಡೆಗೆ ಸರಿಯಬೇಕು. ಚೀಲಗಳು ಲಾರಿ ಹತ್ತಿ ಜಾಗ ಬಿಟ್ಟರೂ ಅಲ್ಲೇ ಇರುವಂತಿಲ್ಲ. ಜೂನ್ ಬಂದರೆ ಅದೇ ಪಡುವಣ ಗೋಡೆಯ ಜಾಲರಿ ಕಿಟಕಿಗಳಿಂದ ಎರಚಲು ಹೊಡೆಯುತ್ತದೆ. ಎರಕದ ಕಬ್ಬಿಣದ ಮೇಜಿಗೆ ಒಂದು ರಾತ್ರಿಯ ಎರಚಲು ಸಾಕು, ಬೆಳಗ್ಗೆ ಕಿತ್ತಳೆ ಬಣ್ಣ. ಹಾಗಾಗಿ ಮಳೆಗಾಲಕ್ಕೆ ಮತ್ತೆ ಒಳಗೆ. ಇದರ ಮಧ್ಯೆ ಹತ್ತಡಿ ಉದ್ದದ ಸಿಲ್ವರ್ ಓಕ್ ಹಲಗೆ ಬಂದರೆ ಯಂತ್ರವನ್ನು ಬಾಗಿಲಿಗೆ ನೇರವಾಗಿ ತಿರುಗಿಸದೆ ಗತಿಯಿಲ್ಲ.

ಇಷ್ಟು ವರ್ಷ ಹಾರೆ, ಮಣೆ, ಎರಡು ಇಂಚಿನ ಪೈಪಿನ ತುಂಡುಗಳು, ತೋಟದ ಮೂರು ಜನ, ಹೀಗೆ ನಡೆದಿತ್ತು. ಈಗ ಕೊಯ್ಲಿನ ಹೊತ್ತಿನಲ್ಲಿ ಮೂರು ಜನ ಬಿಡಿ, ಒಬ್ಬರು ಸಿಕ್ಕುವುದೇ ಕಷ್ಟ. ಯಂತ್ರ ಒಬ್ಬನ ಕೈಯಲ್ಲಿ ಓಡಾಡಬೇಕು ಅನ್ನುವುದು ಅಲ್ಲಿಂದ ಹುಟ್ಟಿದ ಆಸೆ.

ಊರಿನ ವೆಲ್ಡಿಂಗ್ ಶಾಪಿನವರ ಹತ್ತಿರ ಹೋದಾಗ ಅವರ ಉತ್ತರ ಸಿದ್ಧವಾಗಿತ್ತು.

"ಅಣ್ಣ, ಇದಕ್ಕೇನು ತಲೆಬಿಸಿ? ಆಂಗಲ್‌ನಲ್ಲಿ ಒಂದು ಫ್ರೇಮ್, ನಾಲ್ಕು ಮೂಲೆಗೆ ನಾಲ್ಕು ವೀಲ್, ಎರಡಕ್ಕೆ ಬ್ರೇಕ್. ಸಾಯಂಕಾಲ ಬಂದು ತಗೊಂಡು ಹೋಗಿ."

"ಬ್ರೇಕ್ ಹಾಕಿದ್ರೆ ವೀಲ್ ನಿಲ್ಲುತ್ತೆ. ಮಷೀನ್ ನಿಲ್ಲಬೇಕಲ್ಲ?"

ಅವರು ನಕ್ಕರು. ಆದರೆ ಇಡೀ ಕೆಲಸದ ಗಂಟು ಇರುವುದು ಅಲ್ಲೇ. ಗಾಲಿಯ ಬುಡಕ್ಕೆ, ಅಂದರೆ ಯಂತ್ರ ಕೂರುವ ಗಾಲಿಯ ಚೌಕಟ್ಟಿಗೆ, ಎರಡು ಕೆಲಸ: ವರ್ಷದಲ್ಲಿ ಕೆಲವೇ ನಿಮಿಷ ಓಡುವುದು, ಉಳಿದಷ್ಟೂ ಹೊತ್ತು ಅಲುಗದೆ ನಿಲ್ಲುವುದು. ಅಂಗಡಿಯಲ್ಲಿ ಕಾಣುವ ಬುಡಗಳೆಲ್ಲ ಓಡುವುದರ ಬಗ್ಗೆಯೇ ಯೋಚಿಸಿ ಮಾಡಿದವು. ಎತ್ತ ಬೇಕಾದರೂ ತಿರುಗುವ ಚಕ್ರದ, ಅಂದರೆ ಕ್ಯಾಸ್ಟರಿನ, ಸಾಮಾನ್ಯ ಬ್ರೇಕು ಚಕ್ರವನ್ನಷ್ಟೇ ಹಿಡಿಯುತ್ತದೆ, ಮೇಲಿನ ತಟ್ಟೆ ತಿರುಗುತ್ತಲೇ ಇರುತ್ತದೆ. ಹಸಿ ಹಲಗೆಯನ್ನು ಎದೆ ಕೊಟ್ಟು ತಳ್ಳಿದಾಗ ಯಂತ್ರ ಒಂದೆರಡು ಸೆಂಟಿಮೀಟರ್ ಆಚೀಚೆ ಸರಿಯುವುದು ಇದರಿಂದಲೇ. ಚಕ್ರ, ತಟ್ಟೆ ಎರಡನ್ನೂ ಹಿಡಿಯುವ ಬ್ರೇಕಿನವೂ ಸಿಗುತ್ತವೆ. ಅವು ವಾಸಿ. ಆದರೂ ಬೇರಿಂಗಿನ ಸಡಿಲ, ಚಕ್ರದ ಮೆದು ಹೊದಿಕೆ ಹಾಗೇ ಉಳಿಯುತ್ತವೆ. ಸುತ್ತುವ ಕತ್ತಿಯ ಹತ್ತಿರ ಬೆರಳಿಟ್ಟು ಕೆಲಸ ಮಾಡುವವನಿಗೆ ಅಷ್ಟು ಸಡಿಲವೂ ಬೇಡ. ಕೆಲಸದ ಹೊತ್ತಿಗೆ ಚಕ್ರ ನೆಲ ಮುಟ್ಟಬಾರದು, ಕಬ್ಬಿಣದ ಪಾದ ನೆಲಕ್ಕೆ ಕೂರಬೇಕು, ಹೊರಡುವಾಗ ಮಾತ್ರ ಚಕ್ರ ಇಳಿಯಬೇಕು ಎಂದು ತೀರ್ಮಾನಿಸಿದೆ.

ಮೊದಲು ತೂಕ. ಕಂಪನಿಯ ಪುಸ್ತಕ ಎಂದೋ ಗೆದ್ದಲಿನ ಪಾಲಾಗಿದೆ. ನನ್ನದು 12 ಇಂಚಿನ ರಂದಾ, ಅಡಿಯಲ್ಲೇ ಹಲಗೆಯ ದಪ್ಪ ಒಂದೇ ಸಮ ಮಾಡುವ ತಿಕ್‌ನೆಸರ್, ಪಕ್ಕದಲ್ಲಿ 3 ಎಚ್‌ಪಿ ಮೋಟರು. ಗೋದಾಮಿನಲ್ಲಿ ಕಾಫಿ ಚೀಲ ತೂಗುವ 300 ಕೆಜಿಯ ತೂಕದ ಯಂತ್ರ ಇತ್ತು. ಇಡೀ ರಂದಾವನ್ನು ಅದರ ಮೇಲೆ ಹತ್ತಿಸುವ ಅಗತ್ಯವಿಲ್ಲ, ಹತ್ತಿಸಿದರೆ ಅದು ತಡೆಯುವುದೂ ಇಲ್ಲ. ಒಂದು ತುದಿಯನ್ನು ಹಾರೆಯಿಂದ ಎತ್ತಿ ತೂಕದ ತಟ್ಟೆಯ ಮೇಲೆ ಕೂರಿಸಿ, ಇನ್ನೊಂದು ತುದಿಗೆ ಅಷ್ಟೇ ಎತ್ತರದ ಮಣೆ ಕೊಟ್ಟು, ರಸಮಟ್ಟ ಇಟ್ಟು ನೋಡಿ ತೂಗಿದೆ. ಮೋಟರಿನ ತುದಿ 186 ಕೆಜಿ. ಆಮೇಲೆ ಅದಲು ಬದಲು ಮಾಡಿದರೆ ಇನ್ನೊಂದು ತುದಿ 134. ಕೂಡಿದರೆ 320. ಈ ವಿಧಾನದಲ್ಲಿ ಇನ್ನೊಂದು ಲಾಭ ಇದೆ: ಭಾರದ ನಡು ಎಲ್ಲಿದೆ ಅನ್ನುವುದೂ ಸಿಕ್ಕಿಬಿಡುತ್ತದೆ. ಎರಡು ಆಧಾರಗಳ ನಡುವೆ 760 ಮಿ.ಮೀ ಇತ್ತು. ಅದನ್ನು 186/320 ರಿಂದ ಗುಣಿಸಿದರೆ ಹಗುರ ತುದಿಯಿಂದ 442 ಮಿ.ಮೀ. ಅಂದರೆ ಭಾರ ಸರಿ ಮಧ್ಯದಲ್ಲಿಲ್ಲ, ಸುಮಾರು 60 ಮಿ.ಮೀ ಮೋಟರಿನ ಕಡೆಗಿದೆ. ತಿರುಗದ ಚಕ್ರಗಳು ಯಾವ ತುದಿಗೆ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಭಾರದ ತುದಿಗೆ ಫಿಕ್ಸೆಡ್, ಹಗುರ ತುದಿಗೆ ತಿರುಗುವವು. ತಿರುಗಿಸುವ ತುದಿ ಹಗುರವಿದ್ದಷ್ಟೂ ಒಬ್ಬನಿಗೆ ಸಲೀಸು.

ಬುಡದ ಕಬ್ಬಿಣಕ್ಕೆ 30 ಕೆಜಿ ಸೇರಿಸಿ ಒಟ್ಟು 350 ಎಂದು ಹಿಡಿದೆ. ನಾಲ್ಕು ಚಕ್ರ ಇದ್ದರೂ ನಾಲ್ಕರಿಂದ ಭಾಗಿಸಬಾರದು, ಮೂರರಿಂದ ಭಾಗಿಸಬೇಕು ಎನ್ನುವುದು ಈ ಕಸುಬಿನಲ್ಲಿ ಎಲ್ಲರೂ ಹೇಳುವ ಲೆಕ್ಕ, ಏಕೆಂದರೆ ಅಂಕುಡೊಂಕು ನೆಲದಲ್ಲಿ ಒಂದು ಚಕ್ರ ಸದಾ ಗಾಳಿಯಲ್ಲಿರುತ್ತದೆ. ಹಾಗೆ ಮಾಡಿದರೆ ಒಂದಕ್ಕೆ 117 ಕೆಜಿ. ನಾನು ಎರಡರಿಂದ ಭಾಗಿಸಿದೆ. ಫ್ರೇಮ್ ಗಟ್ಟಿಯಾಗಿದ್ದು ಭಾರದ ನಡು ಕರ್ಣದ ಗೆರೆಯ ಹತ್ತಿರ ಬಂದರೆ ಎದುರುಬದುರು ಮೂಲೆಯ ಎರಡೇ ಚಕ್ರಗಳು ಹೆಚ್ಚುಕಡಿಮೆ ಇಡೀ ಭಾರ ಹೊರುತ್ತವೆ, ಮೂರನೆಯದು ನೆಪಮಾತ್ರಕ್ಕೆ ನೆಲ ಮುಟ್ಟಿರುತ್ತದೆ. 175 ಕೆಜಿ ಬಂತು. 200 ಕೆಜಿಯ ಚಕ್ರಗಳನ್ನು ತಂದೆ. 117ಕ್ಕೆ ಸಾಲುವ ಚಕ್ರಕ್ಕೂ ಇದಕ್ಕೂ ಬೆಲೆಯಲ್ಲಿ ಇರುವ ವ್ಯತ್ಯಾಸ ಯೋಚಿಸುವಂಥದ್ದಲ್ಲ.

ಚಕ್ರದ ಅಳತೆಯನ್ನು ಭಾರಕ್ಕಿಂತ ನೆಲವೇ ತೀರ್ಮಾನಿಸುತ್ತದೆ. ನಮ್ಮ ಗೋದಾಮಿನಲ್ಲಿ ಹಳೇ ಗಾರೆ ನೆಲಕ್ಕೆ ಆಮೇಲೆ ಸೇರಿಸಿದ ಸಿಮೆಂಟು ನೆಲ ಕೂಡುವ ಕಡೆ 12 ಮಿ.ಮೀ ಮೆಟ್ಟಿಲಿದೆ. ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಚಕ್ರಕ್ಕೆ ಅದೊಂದು ಗೋಡೆ. 75 ಮಿ.ಮೀ ವ್ಯಾಸದ ಚಕ್ರ ಅದನ್ನು ಹತ್ತಬೇಕಾದರೆ ಆ ಚಕ್ರದ ಮೇಲಿರುವ ಭಾರಕ್ಕಿಂತ ಹೆಚ್ಚು, ಸುಮಾರು 108% ಬಲದಿಂದ ತಳ್ಳಬೇಕು. 100 ಮಿ.ಮೀ ಚಕ್ರಕ್ಕೆ 85%. ಹಗುರ ತುದಿಯ ಎರಡೂ ಚಕ್ರ ಒಟ್ಟಿಗೆ ಆ ಮೆಟ್ಟಿಲಿಗೆ ಬಂದರೆ 150 ಕೆಜಿಗೆ 128 ಕೆಜಿಯಷ್ಟು ನೂಕಬೇಕಾಯಿತು, ಅದು ಆಗುವ ಹೋಗುವ ಮಾತಲ್ಲ. ಅದೇ ಮೆಟ್ಟಿಲು 5 ಮಿ.ಮೀ ಇದ್ದರೆ 100ರ ಚಕ್ರಕ್ಕೆ 48%ಗೆ ಇಳಿಯುತ್ತದೆ. ಚಕ್ರವನ್ನು ಇನ್ನೂ ದೊಡ್ಡದು ಮಾಡುವ ಬದಲು ಆ ಕೂಡುಗೆರೆಗೆ ಒಂದಡಿ ಅಗಲ ಸಿಮೆಂಟು ಇಳಿಜಾರು ಎಳೆಸಿದೆ. ಗಾರೆಯವರು ಬೇರೆ ಕೆಲಸಕ್ಕೆ ಬಂದಿದ್ದಾಗ ಅರ್ಧ ಬಾಂಡಲಿ ಮಾಲಿನಲ್ಲಿ ಮುಗಿದ ಕೆಲಸ. ಬುಡ ಕೊಳ್ಳುವ ಮೊದಲು ನೆಲದ ಮೇಲೆ ಅಂಗಾಲಿನಿಂದಲ್ಲ, ನೇರ ಪಟ್ಟಿ ಇಟ್ಟು ನೋಡಿ.

ಚಕ್ರದ ಮಾಲಿನ ಬಗ್ಗೆ ಹೆಚ್ಚು ಹೇಳಲಾರೆ. ರಬ್ಬರು ಬೇಡ, ಭಾರ ಹೊತ್ತು ತಿಂಗಳುಗಟ್ಟಲೆ ನಿಂತರೆ ಒಂದು ಕಡೆ ಚಪ್ಪಟೆಯಾಗುತ್ತದೆ. ಬರಿ ಎರಕದ ಚಕ್ರ ನೆಲವನ್ನು ತಿನ್ನುತ್ತದೆ. ನೈಲಾನ್ ಅಗ್ಗ, ಗಟ್ಟಿ, ಸಲೀಸಾಗಿ ಉರುಳುತ್ತದೆ, ಆದರೆ ಚಕ್ರದಡಿ ಒಂದು ಮರದ ಚಕ್ಕೆ ಸಿಕ್ಕರೂ ಅಲ್ಲೇ ಗಕ್ಕನೆ ನಿಲ್ಲುತ್ತದೆ. ಎರಕದ ನಡುವಿಗೆ ಪಾಲಿಯುರೆಥೇನ್ ಹೊದಿಸಿದ್ದು ನನ್ನ ಆಯ್ಕೆ. ಅದರಲ್ಲೂ ಕೆಲವು ಬಗೆಯವು ತೇವದ ಬಿಸಿಗೆ ವರ್ಷಗಳಲ್ಲಿ ಜಿಗುಟಾಗಿ ಉದುರುತ್ತವೆ. ಕೆಲಸದ ಹೊತ್ತಲ್ಲಿ ಭಾರವೇ ಇರದ ಚಕ್ರವಾದ್ದರಿಂದ ಧೈರ್ಯ ಮಾಡಿದೆ.

ಕಟ್ಟುವ ಮೊದಲು ಕೊಳ್ಳುವ ದಾರಿಗಳನ್ನೂ ನೋಡಿದ್ದೆ. ನಾಲ್ಕು ಪಟ್ಟಿ ಎಳೆದು ಅಳತೆಗೆ ಹೊಂದಿಸುವ ರೆಡಿಮೇಡ್ ಬುಡಗಳು ಟೈಲ್ಸ್ ನೆಲದ ಮೇಲೆ ಹಗುರ ಯಂತ್ರಕ್ಕೆ ಆದೀತು. ಪಟ್ಟಿಗಳು ಬೋಲ್ಟಿನಲ್ಲಿ ಕೂಡುವ ಜಾಗ ಸಡಿಲ, ಚಕ್ರ ಸಣ್ಣದು. ಇನ್ನೊಂದು ಒಳ್ಳೆಯ ದಾರಿ ಹ್ಯಾಂಡ್ ಪ್ಯಾಲೆಟ್ ಟ್ರಕ್, ಅಂದರೆ ಫೋರ್ಕೆಂಬ ಎರಡು ತೋಳುಗಳನ್ನು ಭಾರದಡಿ ತೂರಿಸಿ ಎತ್ತಿ ಕೈಯಲ್ಲಿ ಎಳೆಯುವ ಗಾಡಿ. 2500 ಕೆಜಿ ಎತ್ತುವಂಥದ್ದು ಸಾಮಾನ್ಯವಾಗಿ ಸಿಗುತ್ತದೆ. ಅದರ ಫೋರ್ಕು ಇಳಿದಾಗ ಸುಮಾರು 85 ಮಿ.ಮೀ ಎತ್ತರ, ಆದ್ದರಿಂದ ಪ್ರತಿ ಯಂತ್ರದ ಅಡಿಗೂ 100 ಮಿ.ಮೀ ತೊಲೆ ಕೊಟ್ಟರೆ ಸಾಕು, ಯಾವ ಯಂತ್ರಕ್ಕೂ ಪ್ರತ್ಯೇಕ ಚಕ್ರ ಬೇಡ. ನಾಲ್ಕೈದು ಭಾರದ ಯಂತ್ರ, ನುಣುಪು ಕಾಂಕ್ರೀಟ್ ನೆಲ ಇರುವವರು ಬೇರೆ ಯೋಚನೆಯನ್ನೇ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ನನಗೆ ಆಗದಿದ್ದದ್ದು ಎರಡು ಕಾರಣಕ್ಕೆ. ಫೋರ್ಕಿನ ತುದಿಯ ಸಣ್ಣ ಉರುಳೆಗಳು ನಮ್ಮ ಗಾರೆ ನೆಲದ ಗುಂಡಿಗಳಲ್ಲಿ ಕೂರುತ್ತವೆ. ರಂದಾ 100 ಮಿ.ಮೀ ಎದ್ದರೆ ನನ್ನ ಸೊಂಟಕ್ಕೆ ಬರಬೇಕಾದ ಮೇಜು ಹೊಟ್ಟೆಗೆ ಬರುತ್ತದೆ, ಹಲಗೆಯ ಮೇಲೆ ಭಾರ ಹಾಕಲು ಆಗುವುದಿಲ್ಲ.

ಎತ್ತರದ ಈ ಕಾರಣಕ್ಕೇ ಚಕ್ರಗಳನ್ನು ಯಂತ್ರದ ಅಡಿಗೆ ಹಾಕದೆ ಹೊರಗೆ ತಂದೆ. ಯಂತ್ರ ಫ್ರೇಮಿನೊಳಗೆ ಇಳಿದು ಕೂರುತ್ತದೆ, ಅದರ ತಳ ನೆಲದಿಂದ ಬೆರಳು ದಪ್ಪವಷ್ಟೇ ಮೇಲೆ. ಚಕ್ರಗಳು ಎರಡು ತುದಿಗಳಲ್ಲಿ ಹೊರಗೆ.

ಫ್ರೇಮಿಗೆ ಆಂಗಲ್, ಅಂದರೆ L ಆಕಾರದ ಕಬ್ಬಿಣ, ಬೇಡ ಎಂದೆ. 50×50×3ರ ಸ್ಕ್ವೇರ್ ಪೈಪು ಮೀಟರಿಗೆ 4.25 ಕೆಜಿ ಆಸುಪಾಸು, 50×50×6ರ ಆಂಗಲ್ 4.5. ತೂಕ ಹೆಚ್ಚುಕಡಿಮೆ ಒಂದೇ, ಅಂದರೆ ದುಡ್ಡೂ ಒಂದೇ. ಬಗ್ಗುವುದನ್ನು ತಡೆಯುವುದರಲ್ಲಿ ಪೈಪು ಅದಕ್ಕಿಂತ ಒಂದೂವರೆ ಪಟ್ಟು ಗಟ್ಟಿ, ತಿರುಚುವುದನ್ನು ತಡೆಯುವುದರಲ್ಲಂತೂ ಆಂಗಲ್ ಹತ್ತಿರಕ್ಕೂ ಬರುವುದಿಲ್ಲ. 900 ಮಿ.ಮೀ ಉದ್ದದ ಪೈಪಿನ ನಡುವಿಗೆ 150 ಕೆಜಿ ಇಟ್ಟರೆ ಅರ್ಧ ಮಿ.ಮೀಗಿಂತ ತುಸು ಹೆಚ್ಚು ಬಗ್ಗುತ್ತದೆ. ಮುರಿಯುವ ಭಯ ಎಲ್ಲೂ ಇಲ್ಲ. ರಂದಾ ಯಂತ್ರದಲ್ಲಿ ಭಯ ತಿರುಚಿನದು. ಬುಡ ತಿರುಚಿದರೆ ಅದರೊಂದಿಗೆ ಮೇಜೂ ತಿರುಚಿ, ಹಲಗೆ ನೇರ ಮಾಡುವ ಯಂತ್ರವೇ ಹಲಗೆಗೆ ಸೊಟ್ಟ ಹಿಡಿಸುತ್ತದೆ.

ಯಂತ್ರದ ತಳ 800×550. ಒಳ ಅಳತೆ 810×560 ಇಟ್ಟೆ. ಆರು ಮೀಟರಿನ ಒಂದು ಪೈಪಿನಲ್ಲಿ ಚೌಕಟ್ಟು ಮುಗಿದು, ಚಕ್ರದ ತಟ್ಟೆ ಹಿಡಿಯುವ ಕಂಬಗಳಿಗೂ ಸಾಕಾಗುವಷ್ಟು ಉಳಿಯಿತು. ಮೂರು ಬದಿ ಮಾತ್ರ ವೆಲ್ಡ್, ನಾಲ್ಕನೆಯದಕ್ಕೆ ಎಂ12 ಬೋಲ್ಟು. ಚೌಕಟ್ಟು ‘ಪ’ ಆಕಾರದಲ್ಲಿ ತೆರೆದಿದ್ದರೆ 320 ಕೆಜಿಯನ್ನು ಎತ್ತಿ ಒಳಗಿಳಿಸುವ ಸರ್ಕಸ್ಸೇ ಬೇಡ. ಯಂತ್ರ ಇದ್ದಲ್ಲೇ ಇರಲಿ, ಚೌಕಟ್ಟನ್ನು ಅದರ ಸುತ್ತ ಜಾರಿಸಿ ನಾಲ್ಕನೇ ಬದಿ ಮುಚ್ಚಿದರಾಯಿತು. ಗೋದಾಮಿನ ಹಳೇ ಅಡ್ಡತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂದು ಸಲಹೆ ಕೊಟ್ಟವರೂ ಇದ್ದರು. ಅಜ್ಜನ ಕಾಲದ ತೊಲೆ ಹಂಚಿನ ಭಾರ ಹೊರಲು ಇಟ್ಟದ್ದು. ಒಳಗೆ ಗೆದ್ದಲು ಎಷ್ಟು ತಿಂದಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ವೆಲ್ಡಿಂಗ್ ನಾನೇ ಮಾಡಿದೆ, 6013 ರಾಡು, 3.15 ಮಿ.ಮೀ, ಸುಮಾರು 110 ಆಂಪಿಯರ್. ಈ ಊರಿನಲ್ಲಿ ಮಳೆ ಬಿಟ್ಟ ಮೇಲೂ ತೆರೆದ ಪೊಟ್ಟಣದ ರಾಡು ತೇವ ಹಿಡಿದಿರುತ್ತದೆ. ಕಿಡಿ ಸಿಡಿಯುವುದು, ಬೆಸುಗೆಯಲ್ಲಿ ಸೂಜಿತೂತು ಬೀಳುವುದು ಅದರಿಂದ. ಬಚ್ಚಲ ಹಂಡೆಯ ಒಲೆ ಪಕ್ಕದಲ್ಲಿ ಚೆನ್ನಾಗಿ ಬಿಸಿಯಾಗುವಷ್ಟು ಹೊತ್ತು ಇಟ್ಟು ತಂದರೆ ರಾಡು ಮತ್ತೆ ಹದಕ್ಕೆ ಬರುತ್ತದೆ. ಮೂಲೆಗಳಿಗೆ ಮೊದಲು ಬರೀ ಪಾಯಿಂಟ್, ಅಂದರೆ ಚುಕ್ಕಿಯಷ್ಟು ಬೆಸುಗೆ. ನಾಲ್ಕನೇ ಬದಿಯನ್ನು ಬೋಲ್ಟಿನಲ್ಲಿ ಬಿಗಿದು, ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆದು, ಒಂದು ಮಿ.ಮೀ ಒಳಗೆ ಬರುವವರೆಗೆ ಬಡಿದು ಸರಿಮಾಡಿ, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿದೆ. ಒಂದು ಮೂಲೆಯನ್ನು ಒಂದೇ ಉಸಿರಿಗೆ ಮುಗಿಸಿದರೆ ಚೌಕಟ್ಟು ಆ ಕಡೆಗೆ ಎಳೆಯುತ್ತದೆ. ಯಂತ್ರ ಕೂರಲು ಒಳಮೂಲೆಗಳಿಗೆ 65×65×6 ಆಂಗಲ್ ತುಂಡುಗಳು. ಅವುಗಳ ಮೇಲೆ ಯಂತ್ರದ ತಳ ಬೋಲ್ಟಿನಲ್ಲಿ ಬಿಗಿಯುತ್ತದೆ.

ಇನ್ನು ಎತ್ತುವ ಕೈಚಳಕ. ಎರಡು ತುದಿಗೂ ಒಂದೊಂದು 8 ಮಿ.ಮೀ ಕಬ್ಬಿಣದ ತಟ್ಟೆ. ತಟ್ಟೆಯ ಒಳ ಅಂಚು ಚೌಕಟ್ಟಿಗೆ ಕೀಲಿನಲ್ಲಿ ಕೂಡಿದೆ. ಗೇಟಿನ ಕೀಲು ಸಾಲದು, 16 ಮಿ.ಮೀ ಬ್ರೈಟ್ ರಾಡಿಗೆ ದಪ್ಪ ಪೈಪಿನ ತುಂಡುಗಳನ್ನು ಪೋಣಿಸಿ ಬೆಸೆದದ್ದು. ತಟ್ಟೆಯ ಅಡಿಗೆ ಎರಡು ಚಕ್ರ, ಹೊರ ಅಂಚಿನಲ್ಲಿ ಸನ್ನೆಕೋಲು ತೂರಿಸಲು ಒಂದು ಪೈಪಿನ ಗೂಡು. ಕೋಲನ್ನು ತೂರಿಸಿ ಕೆಳಗೆ ಒತ್ತಿದರೆ ಚಕ್ರ ನೆಲಕ್ಕೆ ತಾಗಿ ಕೀಲು ಮೇಲೇಳುತ್ತದೆ, ಕೀಲಿನೊಡನೆ ಯಂತ್ರದ ಆ ತುದಿಯೂ. ತಟ್ಟೆ ಸಮಮಟ್ಟಕ್ಕೆ ಬಂದಾಗ ತಟ್ಟೆಯ ಕಿವಿ, ಚೌಕಟ್ಟಿನ ಕಿವಿ ಎರಡರ ತೂತೂ ಒಂದಾಗುತ್ತದೆ. ಅಲ್ಲಿಗೆ 12 ಮಿ.ಮೀ ಪಿನ್ನು. ಪಾದ ನೆಲದಿಂದ 8 ಮಿ.ಮೀ ಎದ್ದಿರುತ್ತದೆ. ಇಳಿಸುವಾಗ ಕೋಲನ್ನು ತುಸು ಒತ್ತಿ ಪಿನ್ನು ಕಿತ್ತು ನಿಧಾನಕ್ಕೆ ಬಿಡುವುದು. ಕೋಲಿನ ನೇರಕ್ಕೆ ಮುಖ ಇಟ್ಟು ನಿಲ್ಲಬಾರದು. ಕೈ ಜಾರಿದರೆ ಅದು ಮೇಲಕ್ಕೆ ಚಿಮ್ಮುತ್ತದೆ.

ಬಲದ ಲೆಕ್ಕ ಸರಳ. ಕೀಲಿನಿಂದ ಚಕ್ರ ನೆಲ ಮುಟ್ಟುವ ಜಾಗಕ್ಕೆ ಎಷ್ಟು ದೂರ, ಕೀಲಿನಿಂದ ಕೈಗೆ ಎಷ್ಟು ದೂರ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ಒಂದು ಕಳೆಯಿರಿ. ಎತ್ತಬೇಕಾದ ಭಾರವನ್ನು ಅದರಿಂದ ಭಾಗಿಸಿದರೆ ಕೈ ಹಾಕಬೇಕಾದ ಬಲ. ಮೋಟರಿನ ತುದಿಯಲ್ಲಿ ಫಿಕ್ಸೆಡ್ ಚಕ್ರ, ಕೀಲಿನಿಂದ 45 ಮಿ.ಮೀ. ಕೋಲಿನ ತುದಿ 700. ಭಾರ 200 ಕೆಜಿ ಇದ್ದರೂ ಕೈಗೆ ಬರುವುದು 14 ಕೆಜಿಯಷ್ಟೇ.

ಹಗುರ ತುದಿಯಲ್ಲಿ ಲೆಕ್ಕ ಬೇರೆಯೇ ದಾರಿ ಹಿಡಿಯುತ್ತದೆ. ತಿರುಗುವ ಕ್ಯಾಸ್ಟರಿನಲ್ಲಿ ಚಕ್ರ ನೆಲ ಮುಟ್ಟುವ ಜಾಗ ಅದು ಎಡಬಲಕ್ಕೆ ತಿರುಗುವ ನಿಂತ ಅಚ್ಚಿನ ನೇರಕ್ಕೆ ಇರುವುದಿಲ್ಲ, ನಾನು ತಂದದ್ದರಲ್ಲಿ 38 ಮಿ.ಮೀ ಪಕ್ಕಕ್ಕಿದೆ. ಅಚ್ಚನ್ನು ಕೀಲಿನಿಂದ 45ರಲ್ಲೇ ಇಟ್ಟರೆ ಚಕ್ರ ಒಳಗೆ ತಿರುಗಿದಾಗ ಅಂತರ 7 ಮಿ.ಮೀಗೆ ಬಂದುಬಿಡುತ್ತದೆ. ಆಗ ತಟ್ಟೆ ಎತ್ತುವುದೇ ಇಲ್ಲ, ಚಕ್ರ ಕೀಲಿನಡಿ ಮಡಚಿಕೊಳ್ಳುತ್ತದೆ. ಅದಕ್ಕೆ ಅಚ್ಚನ್ನು 80 ಮಿ.ಮೀ ದೂರಕ್ಕೆ ತಂದೆ. ಈಗ ಚಕ್ರ ಒಳಗಿದ್ದರೆ 42, ಹೊರಗಿದ್ದರೆ 118. ಒಳಗಿದ್ದಾಗ 150 ಕೆಜಿಯ ತುದಿಯನ್ನು ಎತ್ತಲು 10 ಕೆಜಿ ಬಲ ಸಾಕು, ಹೊರಗಿದ್ದಾಗ 30 ಕೆಜಿ ಬೇಕು. ಹಗುರ ತುದಿಯೇ ಕೈಗೆ ಭಾರವಾಗುವ ವಿಚಿತ್ರ ಇದು. ಉಪಾಯ ಇಷ್ಟೇ, ಕೋಲು ಒತ್ತುವ ಮೊದಲು ಗಾಳಿಯಲ್ಲಿರುವ ಚಕ್ರವನ್ನು ಕಾಲಿನಿಂದ ಒಳಕ್ಕೆ ತಿರುಗಿಸಿ ಬಿಡುವುದು. ತಟ್ಟೆ ಎತ್ತಿದ ಸ್ಥಿತಿಯಲ್ಲಿ ಸಮಮಟ್ಟವಾಗಿರಬೇಕು ಅನ್ನುವುದಕ್ಕೂ ಈ ಕ್ಯಾಸ್ಟರೇ ಕಾರಣ. ಅಚ್ಚು ಓರೆಯಾಗಿದ್ದರೆ ಅದು ತನಗೆ ಬೇಕಾದ ಕಡೆಗೇ ತಿರುಗಿ ನಿಲ್ಲುತ್ತದೆ, ಯಂತ್ರ ನೇರಕ್ಕೆ ಹೋಗುವುದಿಲ್ಲ.

ಪಾದಗಳು ನಾಲ್ಕು, ಎಂ16 ಬೋಲ್ಟು, ಅಡಿಯಲ್ಲಿ 60 ಮಿ.ಮೀ ಗುಂಡು ತಟ್ಟೆ. ಇಲ್ಲಿ ಒಂದು ತಕರಾರು ಇತ್ತು. ಗೋದಾಮಿನ ನೆಲ ತೊಳೆದ ನೀರು ಬಾಗಿಲಿಗೆ ಹೋಗಲಿ ಎಂದು 80ಕ್ಕೆ 1ರಷ್ಟು ಇಳಿಜಾರಾಗಿದೆ. ಆ ಇಳಿಜಾರಿಗೆ 350 ಕೆಜಿಯ ಯಂತ್ರ ಸುಮಾರು 4.4 ಕೆಜಿ ಬಲದಿಂದ ಬಾಗಿಲ ಕಡೆಗೆ ಎಳೆಯುತ್ತದೆ, ಅದು ದೊಡ್ಡದಲ್ಲ. ಆದರೆ ಪ್ರತಿ ಸಲ ಜಾಗ ಬದಲಾದಾಗಲೂ ನಾಲ್ಕು ಬೋಲ್ಟು ತಿರುಗಿಸಿ ಮಟ್ಟ ಹಿಡಿಯುವ ತಾಳ್ಮೆ ನನಗಿಲ್ಲ, ಹಾಗೆ ಹಿಡಿಯದ ಯಂತ್ರದಲ್ಲಿ ಕೆಲಸವೂ ಆಗುವುದಿಲ್ಲ. ಯೋಚಿಸಿದಾಗ ಹೊಳೆದದ್ದು ಯಂತ್ರ ನಿಲ್ಲುವುದು ಮೂರೇ ಜಾಗದಲ್ಲಿ ಅನ್ನುವುದು: ಕೊಯ್ಲಿನ ಜಾಗ, ಮಳೆಯ ಜಾಗ, ಉದ್ದ ಹಲಗೆಯ ಜಾಗ. ಹಾಗಾದರೆ ಯಂತ್ರವನ್ನು ನೆಲಕ್ಕೆ ಹೊಂದಿಸುವ ಬದಲು ಆ ಮೂರು ಜಾಗದಲ್ಲಿ ನೆಲವನ್ನೇ ಹೊಂದಿಸಬಹುದು.

ಪ್ರತಿ ಜಾಗದಲ್ಲೂ ಪಾದ ಬೀಳುವ ಕಡೆ ನೆಲ ಕೊರೆದು 100×100×6ರ ಕಬ್ಬಿಣದ ತಗಡುಗಳನ್ನು ಸಿಮೆಂಟಿನಲ್ಲಿ ಕೂರಿಸಿದೆ. ನಾಲ್ಕೂ ಒಂದೇ ಮಟ್ಟಕ್ಕೆ ಬರಲು ಗಾರೆಯವರ ನೀರಿನ ಟ್ಯೂಬು, ಮೇಲೆ ನೇರ ಪಟ್ಟಿ ಇಟ್ಟು ರಸಮಟ್ಟ. ಇಳಿಜಾರಿನ ಮೇಲು ಬದಿಯ ತಗಡುಗಳು ನೆಲಕ್ಕಿಂತ ತುಸು ತಗ್ಗಿನಲ್ಲಿ, ಕೆಳ ಬದಿಯವು ತುಸು ಉಬ್ಬಿನಲ್ಲಿ ಬಂದವು. ಉಬ್ಬಿದ ಅಂಚಿಗೆ ಮಾಲು ಎಳೆದು ಸವರಿದ್ದಾಯಿತು, ಇಲ್ಲದಿದ್ದರೆ ಚೀಲ ಹೊತ್ತವರ ಕಾಲಿಗೆ ತಾಗುತ್ತದೆ. ಮಾವ ಬಂದು ನೋಡಿ, "ನನ್ನ ನೆಲ ಎಲ್ಲ ಕೊರೆದು ಬಿಟ್ಟೆಯಲ್ಲ ಮಾರಾಯ" ಎಂದರು. "ಚೀಲಕ್ಕೆ ಜಾಗ ಬೇಗ ಖಾಲಿಯಾಗುತ್ತೆ ಮಾವ" ಎಂದೆ. ಅಷ್ಟಕ್ಕೆ ಸುಮ್ಮನಾದರು.

ಮಾಲು ಗಟ್ಟಿಯಾಗಲು ಬಿಟ್ಟು, ಚೌಕಟ್ಟಿಗೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮಲ್ ಹೊಡೆದು ಜೋಡಿಸಿದೆ. ಪೈಪಿನ ತೆರೆದ ಬಾಯಿಗಳನ್ನು ತಗಡಿನಿಂದ ಮುಚ್ಚಿ ಬೆಸೆದಿದ್ದೇನೆ, ಇಲ್ಲದಿದ್ದರೆ ಒಳಗಿನಿಂದ ತುಕ್ಕು, ಮೇಲಾಗಿ ಹಲ್ಲಿ, ಕಣಜದ ಗೂಡು.

ಪರೀಕ್ಷೆ ಮಾಡಿದ್ದು ಹೀಗೆ. ರಂದಾದ ಹಿಂದು ಮುಂದಿನ ಮೇಜುಗಳ ಮೇಲೆ ಉದ್ದದ ನೇರ ಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಎಲೆಗಳನ್ನು, ತೂರಿಸುವುದು. ಬರಿ ನೆಲದ ಮೇಲೆ ಎಲ್ಲೋ ಒಂದು ಕಡೆ ಇಳಿಸಿದಾಗ ಒಂದು ಮೂಲೆಯಲ್ಲಿ 0.25 ಮಿ.ಮೀ ಎಲೆ ಹೋಯಿತು. ತಗಡುಗಳ ಮೇಲೆ ಇಳಿಸಿದಾಗ 0.05 ಕೂಡ ಹೋಗಲಿಲ್ಲ, ಮೂರು ಜಾಗದಲ್ಲೂ. ಓಡಾಟದ ವಿಷಯ ಹೇಳಬೇಕೆಂದರೆ, ಚಕ್ರದ ಮೇಲಿದ್ದಾಗ ಒಂದು ಕೈಯಲ್ಲಿ ಹೋಗುತ್ತದೆ. ಆದರೆ ತಳ್ಳುವಾಗ ಮೇಜಿನ ಅಂಚು ಹಿಡಿಯಬಾರದು, ಚೌಕಟ್ಟಿನ ಹತ್ತಿರ ಬಗ್ಗಿ ತಳ್ಳಬೇಕು. ಅದಕ್ಕೆ ಅದೇ ಸನ್ನೆಕೋಲನ್ನು ಗೂಡಿಗೆ ತೂರಿಸಿದರೆ ಎಳೆಯುವ ಹಿಡಿಯೂ ಆಯಿತು, ಚುಕ್ಕಾಣಿಯೂ ಆಯಿತು. ಅದನ್ನು ನೋಡಿದ ವೆಲ್ಡಿಂಗ್ ಶಾಪಿನವರು ಚಕ್ರದ ತಟ್ಟೆಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ಯಂತ್ರ ಓಡಾಡತೊಡಗಿದ ಮೇಲೆ ಕರೆಂಟಿನ ವ್ಯವಸ್ಥೆಯೂ ಅದರ ಹಿಂದೆ ಓಡಾಡಬೇಕು. ಮೂರು ಜಾಗಕ್ಕೂ ತ್ರೀ ಫೇಸ್ ಸಾಕೆಟ್ಟು, ಯಂತ್ರಕ್ಕೆ ನಾಲ್ಕು ಎಳೆಯ 2.5 ಚದರ ಮಿ.ಮೀ ತಾಮ್ರದ ಕೇಬಲ್ಲು, ನಾಲ್ಕನೆಯದು ಅರ್ಥಿಂಗಿಗೆ. ನೆಲಕ್ಕೆ ಹುಗಿದ ಅರ್ಥ್ ಪಟ್ಟಿಗೆ ಬಿಗಿದಿದ್ದ ಹಳೇ ತಂತಿಯನ್ನು ಬಿಚ್ಚಿದ ಮೇಲೆ ಆ ನಾಲ್ಕನೇ ಎಳೆಯೇ ಗತಿ, ಅದನ್ನು ಪ್ರತಿ ಸಾಕೆಟ್ಟಿನಲ್ಲೂ ಮೀಟರ್ ಹಿಡಿದು ನೋಡಲೇಬೇಕು. ಇನ್ನೊಂದು, ಮೂರು ಸಾಕೆಟ್ಟಿನಲ್ಲೂ ಫೇಸುಗಳ ಅನುಕ್ರಮ ಒಂದೇ ಇರಬೇಕು. ಒಂದರಲ್ಲಿ ಎರಡು ತಂತಿ ಅದಲು ಬದಲಾಗಿದ್ದರೂ ಮೋಟರು ಹಿಂದುಮುಂದಾಗಿ ತಿರುಗುತ್ತದೆ. ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಮಾಡಿಸಿ, ಸಾಕೆಟ್ಟು ಬದಲಾದಾಗಲೆಲ್ಲ ಹಲಗೆ ಹತ್ತಿರ ತರುವ ಮೊದಲು ಸ್ಟಾರ್ಟರ್ ಒಮ್ಮೆ ಮುಟ್ಟಿ ಬಿಟ್ಟು ಕತ್ತಿ ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತೇನೆ.

ಪಟ್ಟಿ ಗರಗಸದ ಯಂತ್ರ ಬ್ಯಾಂಡ್‌ಸಾಗೂ ಇದನ್ನೇ ಮಾಡಬಹುದಲ್ಲ ಎಂದು ಕೇಳಿದವರಿದ್ದಾರೆ. ಮಾಡಲಿಲ್ಲ. ಅದರ ಭಾರವೆಲ್ಲ ತಲೆಯಲ್ಲಿ. ಭಾರದ ನಡು 800 ಮಿ.ಮೀ ಎತ್ತರದಲ್ಲಿದ್ದು ಬುಡ 600 ಅಗಲ ಇದ್ದರೆ ನಾಲ್ಕು ಚಕ್ರದಲ್ಲಿ 20 ಡಿಗ್ರಿ ವಾಲುವವರೆಗೂ ಬೀಳುವುದಿಲ್ಲ. ಮೂರು ಚಕ್ರದ ಬುಡವಾದರೆ, ಅದೇ ಅಗಲ, 700 ಉದ್ದ ಹಿಡಿದರೂ, ಹತ್ತು ಡಿಗ್ರಿಗೇ ಮಗುಚುತ್ತದೆ. ಮೂರು ಚಕ್ರ ಎಂಥ ನೆಲದಲ್ಲೂ ಕುಣಿಯುವುದಿಲ್ಲ ಎಂದು ಹೊಗಳುತ್ತಾರೆ, ನಿಜ, ಆದರೆ ಎತ್ತರದ ಯಂತ್ರಕ್ಕೆ ಅದು ಬೇಡವೇ ಬೇಡ. ಬ್ಯಾಂಡ್‌ಸಾ ಎರಡೂ ಕಾಲಕ್ಕೆ ಸರಿಹೋಗುವ ನಡುಕಂಬದ ಪಕ್ಕ ನೆಲಕ್ಕೆ ಬೋಲ್ಟಾಗಿ ನಿಂತಿದೆ. ಹಲಗೆಯೇ ಅದರ ಹತ್ತಿರ ಹೋಗುತ್ತದೆ.

ಇನ್ನು ಉಳಿದದ್ದು ಆರೈಕೆ. ಮಳೆ ಹಿಡಿಯುವ ಮೊದಲು, ಮೇ ಕೊನೆಯ ಹೊತ್ತಿಗೆ ಕ್ಯಾಸ್ಟರಿನ ನಿಪ್ಪಲಿಗೆ ಗ್ರೀಸು, ಕೀಲಿನ ರಾಡಿಗೆ ಗ್ರೀಸು, ಎಂ16 ಬೋಲ್ಟಿನ ದಾರಕ್ಕೂ ಒಂದಿಷ್ಟು. ಮೇಜಿಗೆ ಮೇಣ ಉಜ್ಜಿ ಬಟ್ಟೆ ಹೊದಿಸುವುದು, ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ತುಕ್ಕು ಇನ್ನೂ ಬೇಗ ಬರುತ್ತದೆ. ಚಕ್ರದ ಹೊದಿಕೆಗೆ ಉಗುರು ಒತ್ತಿ ನೋಡಿ, ಗುರುತು ಉಳಿದರೆ ಅಥವಾ ಕೈಗೆ ಅಂಟಿದರೆ ಆ ಚಕ್ರವನ್ನು ಕೊಯ್ಲಿಗೆ ಮುಂಚೆ ಬದಲಾಯಿಸಬೇಕು. ಚೀಲ ಬಂದ ಮೇಲೆ ಯಂತ್ರ ಎತ್ತಿ ಚಕ್ರ ಬಿಚ್ಚುವಷ್ಟು ಜಾಗ ಅಲ್ಲಿ ಇರುವುದಿಲ್ಲ.